ಹೊಟ್ಟೆಯ ಗಂಟೆಲ್ಲ ಜಂತುಹುಳವಲ್ಲ

ಮಾನ್ಯ ಸಂಪಾದಕರೇ,

ಅಕ್ಕನ ಮಗನಿಗೆ ಆಗ ಮೂರು ವರ್ಷ. ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಬದಿ ಗಟ್ಟಿಯಾಗಿ ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ. ಊರಿನ ಕ್ಲಿನಿಕ್‌ನಲ್ಲಿ ಜಂತುಹುಳದ ಔಷಧಿ ಕೊಟ್ಟು ಕಳಿಸಿದರು. ಎರಡು ವಾರ ಸುಮ್ನೆ ಹೋಯಿತು. ಸ್ಕ್ಯಾನಿಂಗ್ ಮಾಡಿಸಿದಾಗ ಕಂಡಿದ್ದು ವಿಲ್ಮ್ಸ್ ಗೆಡ್ಡೆ. ಚಿಕ್ಕ ಮಕ್ಕಳ ಕಿಡ್ನಿಗೆ ಬರುವ ಕ್ಯಾನ್ಸರ್ ಅದು.

ಅಪರೂಪದ ಕಾಯಿಲೆ, ನಿಜ. ಆದರೆ ಬೇಗ ಪತ್ತೆಯಾದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ನಮ್ಮ ಹುಡುಗನಿಗೆ ಮೊದಲು ಕೀಮೋ ಕೊಟ್ಟು ಗೆಡ್ಡೆ ಕುಗ್ಗಿಸಿದರು, ಆಮೇಲೆ ಆ ಕಿಡ್ನಿ ತೆಗೆದರು. ಈಗ ಒಂದೇ ಕಿಡ್ನಿಯಲ್ಲಿ ಶಾಲೆಗೆ ಓಡುತ್ತಾನೆ.

ಇಂಥ ಗಂಟನ್ನು ಪದೇಪದೇ ಒತ್ತಬಾರದು, ಒಳಗೇ ಒಡೆಯಬಹುದು. ನಮಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದವರೆಲ್ಲ ಒತ್ತಿ ನೋಡಿದ್ದೇ! ಅಂಗನವಾಡಿಗಳಲ್ಲಿ ತಾಯಂದಿರಿಗೆ ಇಷ್ಟನ್ನಾದರೂ ತಿಳಿಸಬಹುದು, ಅಲ್ವಾ?

– ಒಬ್ಬ ಓದುಗ, ತಿಪಟೂರು