ವಿಮಾನ ತಪಾಸಣೆಯ ವಿವರ ಪ್ರಯಾಣಿಕರಿಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಂಗಳೂರಿನಲ್ಲಿ ನಾನು ಹತ್ತಬೇಕಿದ್ದ ವಿಮಾನ ಎರಡು ಗಂಟೆ ತಡವಾಯಿತು. ‘ತಾಂತ್ರಿಕ ಕಾರಣ’ ಎಂಬುದರ ಹೊರತು ಕೌಂಟರಿನಲ್ಲಿದ್ದವರು ಏನನ್ನೂ ಹೇಳದಿದ್ದುದರಿಂದ ಪ್ರಯಾಣಿಕರು ರೇಗಾಡಿದರು. ಗಾಜಿನಾಚೆ ಇಬ್ಬರು ತಂತ್ರಜ್ಞರು ಮಳೆಯಲ್ಲೇ ಟಾರ್ಚ್ ಹಿಡಿದು ಚಕ್ರದ ಬಳಿ ಬಗ್ಗಿ ನೋಡುತ್ತಿದ್ದರು. ನಮ್ಮ ಜೀವ ಕಾಯುತ್ತಿದ್ದವರು ಅವರೇ.

ಯಾವುದಾದರೊಂದು ಮಾದರಿಯ ವಿಮಾನದಲ್ಲಿ ಅಪಾಯಕಾರಿ ದೋಷ ಕಂಡುಬಂದರೆ, ಗೊತ್ತುಪಡಿಸಿದ ಅವಧಿಯೊಳಗೆ ಪರಿಶೀಲಿಸಿ ದುರಸ್ತಿ ಮಾಡಲೇಬೇಕೆಂಬ ಕಡ್ಡಾಯ ನಿರ್ದೇಶನ ಹೊರಡುತ್ತದೆ. ನಮ್ಮ ದೇಶದಲ್ಲಿ ಅದರ ಪಾಲನೆಯ ಮೇಲೆ ಕಣ್ಣಿಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಹೆಲಿಕಾಪ್ಟರಿನ ರೋಟರ್‌ನ (ತಿರುಗುವ ರೆಕ್ಕೆಗಳ ವ್ಯವಸ್ಥೆಯ) ಹಲವು ಭಾಗಗಳನ್ನಂತೂ ನಿಗದಿತ ಗಂಟೆಗಳ ಹಾರಾಟ ಮುಗಿದೊಡನೆ, ನೋಡಲು ಚೆನ್ನಾಗಿದ್ದರೂ, ಬದಲಿಸಬೇಕು.

ಒಂದೇ ಮಳೆಗಾಲದಲ್ಲಿ ಕಿಟಕಿಯ ಸರಳು ತುಕ್ಕು ಹಿಡಿಯುವುದನ್ನು ಕಂಡ ಕರಾವಳಿಯವರಿಗೆ ಉಪ್ಪುಗಾಳಿ ಲೋಹಕ್ಕೆ ಮಾಡುವ ಹಾನಿಯನ್ನು ವಿವರಿಸಬೇಕಿಲ್ಲ. 1988ರಲ್ಲಿ ಇಂಥದೇ ಉಪ್ಪುಗಾಳಿಯ ಹವಾಯಿ ದ್ವೀಪಗಳ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಭಾಗವೇ ಆಕಾಶದಲ್ಲಿ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಹೊರಕವಚದ ಜೋಡಣೆ ಸಡಿಲಗೊಂಡು ಮೂಡಿದ್ದ ಬಿರುಕುಗಳು ತಪಾಸಣೆಯಲ್ಲಿ ಕಣ್ತಪ್ಪಿದ್ದವು.

2010ರ ಮೇ 22ರಂದು ಇಲ್ಲಿ ಮಂಗಳೂರಿನಲ್ಲಿ 158 ಮಂದಿಯನ್ನು ಬಲಿ ಪಡೆದ ವಿಮಾನ ದುರಂತಕ್ಕೆ ಯಂತ್ರದೋಷ ಕಾರಣವಾಗಿರಲಿಲ್ಲ, ನಿಜ. ಆದರೂ ಆ ದಿನವನ್ನು ಕಂಡ ಊರಿನವರಿಗೆ ‘ತಾಂತ್ರಿಕ ಕಾರಣ’ ಎಂಬ ಎರಡು ಪದ ಸಾಲದು. ಯಾವ ಭಾಗವನ್ನು ಪರೀಕ್ಷಿಸಲಾಗುತ್ತಿದೆ ಎಂಬುದನ್ನು ವಿಮಾನ ಸಂಸ್ಥೆಗಳು ಸರಳ ಕನ್ನಡದಲ್ಲಿ ತಿಳಿಸುವಂತೆಯೂ, ಸಮಯದ ಒತ್ತಡಕ್ಕೆ ಮಣಿದು ತಂತ್ರಜ್ಞರನ್ನು ಅವಸರಪಡಿಸದಂತೆಯೂ ಡಿಜಿಸಿಎ ಸೂಚಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಪ್ರಯಾಣಿಕ, ಬಜಪೆ