ಹೊರಡುವವಳ ಹಾಡು

ಹಾಸನ

ಪ್ರೀತಿಯ ತಂಗಿ,

ನಿನ್ನ ಸಂಗೀತ ನಾಟಕ ಓದಿದೆ. ಕೊಪ್ಪದ ಕಡೆಯ ತೋಟದ ಮನೆ, ಮದುವೆ ಬೇಡ ಅನ್ನುವ ಮಗಳು, ಒಪ್ಪದ ಅಪ್ಪ. ಮಾತುಗಳು ಚೆನ್ನಾಗಿವೆ. ಅಜ್ಜಿಯಂತೂ ಬಾಯಿಬಿಟ್ಟಾಗಲೆಲ್ಲ ನಗು ಬಂತು. ನನ್ನ ತಕರಾರು ಇರುವುದು ಮಗಳ ಹಾಡುಗಳ ಬಗ್ಗೆ.

ಅವಳು ಹಾಡಿದಾಗಲೆಲ್ಲ ಸ್ವಾತಂತ್ರ್ಯ ಬೇಕು ಅಂತಲೇ ಹಾಡುತ್ತಾಳೆ. ಹಕ್ಕಿ, ರೆಕ್ಕೆ, ಆಕಾಶ ಎಲ್ಲವೂ ಬರುತ್ತವೆ. ಚಪ್ಪಾಳೆಯೂ ಬೀಳಬಹುದು. ಆದರೆ ಅವಳು ಏನನ್ನು ಬಿಟ್ಟು ಹೋಗುತ್ತಿದ್ದಾಳೆ ಅನ್ನುವುದು ಕೊನೆವರೆಗೂ ಗೊತ್ತಾಗಲಿಲ್ಲ. ಅಪ್ಪನನ್ನು ಬರೀ ಕೆಟ್ಟವನನ್ನಾಗಿ ಮಾಡಿಬಿಟ್ಟಿದ್ದೀಯ. ಅಂಥ ಮನೆಯಿಂದ ಅವಳು ಹೊರಟರೆ ನೋಡುವವರಿಗೆ ನಿರಾಳ ಆಗುತ್ತದೆ, ಅಷ್ಟೇ. ಸಂಕಟ ಆಗುವುದಿಲ್ಲ.

'ಫಿಡ್ಲರ್ ಆನ್ ದ ರೂಫ್' ಸಿಕ್ಕರೆ ನೋಡು. 1964ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗಕ್ಕೆ ಬಂದ ಸಂಗೀತ ನಾಟಕ. ಕಥೆ 1905ರ ಸುಮಾರಿನದು, ರಷ್ಯಾದ ಒಂದು ಯಹೂದಿ ಹಳ್ಳಿಯದು. ಟೆವ್ಯೆ ಅಂತ ಒಬ್ಬ ಹಾಲಿನವನು. ದೊಡ್ಡ ಮಗಳಿಗೆ ದುಡ್ಡಿರುವ ಕಟುಕನ ಸಂಬಂಧ ಒಪ್ಪಿಕೊಂಡು ಬರುತ್ತಾನೆ. ಅವಳು ಬಡ ದರ್ಜಿಯೇ ಬೇಕು ಅಂತ ಅಳುತ್ತಾಳೆ. ಎರಡನೆಯವಳು ಕ್ರಾಂತಿಕಾರಿಯೊಬ್ಬನನ್ನು ಮೆಚ್ಚುತ್ತಾಳೆ. ಅವಳೂ ಅವನೂ ಅಪ್ಪನ ಅಪ್ಪಣೆ ಕೇಳುವುದಿಲ್ಲ, ಆಶೀರ್ವಾದ ಮಾತ್ರ ಕೇಳುತ್ತಾರೆ. ಮೂರನೆಯವಳು ಧರ್ಮದ ಆಚೆಗೆ ಹೋಗಿ ಗುಟ್ಟಾಗಿ ಮದುವೆಯಾಗುತ್ತಾಳೆ. ಒಬ್ಬೊಬ್ಬಳೂ ಅಪ್ಪನನ್ನು ಇನ್ನೊಂದು ಹೆಜ್ಜೆ ಆಚೆಗೆ ಎಳೆಯುತ್ತಾಳೆ ನೋಡು. ಅವನೂ ಪ್ರತಿ ಸಲ 'ಹಾಗೆ ನೋಡಿದರೆ ಹೀಗೆ, ಹೀಗೆ ನೋಡಿದರೆ ಹಾಗೆ' ಅಂತ ತೂಗುತ್ತಾನೆ. ಎರಡು ಸಲ ಸೋಲುತ್ತಾನೆ. ಮೂರನೆಯ ಸಲ ಅವನಿಗೆ ಇನ್ನೊಂದು ಕಡೆ ಅನ್ನುವುದೇ ಸಿಗುವುದಿಲ್ಲ. ಆ ಜಾಗದಲ್ಲಿ ನನಗೆ ಮಗಳಷ್ಟೇ ಅಪ್ಪನ ಮೇಲೂ ಮರುಕ ಹುಟ್ಟುತ್ತದೆ.

ಎರಡನೆಯ ಮಗಳ ಹಾಡು ನಿನಗೆ ಮುಖ್ಯ. ಹುಡುಗನನ್ನು ಸೈಬೀರಿಯಾಕ್ಕೆ ಸಾಗಿಸಿದ್ದಾರೆ. ಅವಳು ಅವನ ಹತ್ತಿರ ಹೊರಟಿದ್ದಾಳೆ. ರೈಲಿಗೆ ಕಾಯುತ್ತಾ ಅಪ್ಪನ ಎದುರು ಹಾಡುತ್ತಾಳೆ. ತನ್ನಿಷ್ಟದಂತೆ ನಡೆಯುತ್ತಿರುವ ಹುಡುಗಿ, ಆದರೂ ಹಾಡುವುದು ತಾನು ಪ್ರೀತಿಸುವ ಮನೆಯಿಂದ ದೂರ ಹೋಗಬೇಕಾಗಿ ಬಂದುದರ ಬಗ್ಗೆ. ಸ್ವಾತಂತ್ರ್ಯದ ಮಾತೇ ಇಲ್ಲ. ಅವಳು ಎಷ್ಟು ದೊಡ್ಡ ತೀರ್ಮಾನ ಮಾಡಿದ್ದಾಳೆ ಅನ್ನುವುದು ನಮಗೆ ತಿಳಿಯುವುದು ಆ ನೋವಿನಿಂದಲೇ.

ನಮ್ಮಲ್ಲೇ ಬೇಕೆಂದರೆ ಕಂಬಾರರ 'ಜೋಕುಮಾರಸ್ವಾಮಿ' ಇದೆ. ಅಲ್ಲಿ ಗೌಡ್ತಿಗೆ ಬೇಕಾದದ್ದು ಒಂದು ಮಗು. ಮಗುವಾಗಲಿ ಅಂತ ಗಂಡನಿಗೆಂದು ಮಾಡಿದ ಪಡವಲಕಾಯಿ ಪಲ್ಯ ಗೌಡನನ್ನು ಎದುರುಹಾಕಿಕೊಂಡ ಬಸಣ್ಣನ ಪಾಲಾಗುತ್ತದೆ. ಕಥೆ ಬಸಣ್ಣನ ಕೊಲೆಯವರೆಗೆ ಹೋಗುತ್ತದೆ. ನಿನ್ನ ಹುಡುಗಿಗೂ ಅಂಥದ್ದೊಂದು ಬೇಕು ಇರಲಿ, ಕೈಗೆ ಸಿಗುವಂಥದ್ದು. ಹಾಸನದಲ್ಲಿ ಒಂದು ನರ್ಸಿಂಗ್ ಸೀಟು ಅಂತಿಟ್ಟುಕೋ. ಫೀಸು ಕಟ್ಟಲು ಕೊನೆಯ ದಿನ ಯಾವುದು ಅಂತ ಗೊತ್ತಿರುವ ಹುಡುಗಿ ಹಕ್ಕಿಯ ಬಗ್ಗೆ ಹಾಡುತ್ತಾ ಕೂರಲ್ಲ, ಅಲ್ವಾ?

ಇನ್ನು ಹಿಮ್ಮೇಳ. ನಿನ್ನಲ್ಲಿ ಅದು ಸುಮ್ನೆ ಪಲ್ಲವಿ ಎತ್ತಿಕೊಡುತ್ತದೆ. ಟೆವ್ಯೆಯ ನಾಟಕ ಶುರುವಾಗುವುದೇ ಇಡೀ ಊರು 'ಸಂಪ್ರದಾಯ, ಸಂಪ್ರದಾಯ' ಅಂತ ಕುಣಿಯುವುದರಿಂದ. ಆಗ ಖುಷಿಯಾಗುತ್ತದೆ. ಮೂರನೆಯ ಮಗಳು ಬೇಡಿಕೊಳ್ಳುವಾಗ ಅದೇ ಪದ ಹಿಂದಿನಿಂದ ಮತ್ತೆ ಬರುತ್ತದೆ, ಆಗ ಹೆದರಿಕೆಯಾಗುತ್ತದೆ. ನೀನು ಮಲೆನಾಡಿನವಳು, ನಿನ್ನ ಹತ್ತಿರ ಅಂಟಿಗೆ-ಪಂಟಿಗೆ ಇದೆ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವವರು ಗಂಡಸರು. ಹೆಣ್ಣುಮಕ್ಕಳು ಮನೆಯಲ್ಲೇ ನಿಂತು ಕೇಳುತ್ತಾರೆ. ಅದನ್ನೇ ನಿನ್ನ ಹಿಮ್ಮೇಳ ಮಾಡು. ಮೊದಲ ಅಂಕದಲ್ಲಿ ಅವರು ಬಂದು ಹಾಡಿ ಹೋಗಲಿ, ನಿನ್ನ ಹುಡುಗಿ ಅವರ ದೀಪಕ್ಕೆ ಎಣ್ಣೆ ಎರೆದು ಸುಮ್ಮನಿರಲಿ. ಕೊನೆಯಲ್ಲಿ ಅವಳು ಹೊರಡುವಾಗ ಅದೇ ಮಟ್ಟು ಅವಳ ಬಾಯಲ್ಲಿ ಬರಲಿ, ಪದ ಅವಳದ್ದು. ಅದನ್ನು ಬರೆಯುವುದು ಕಷ್ಟ. ನೀನು ಬರೆಯಬಲ್ಲೆ.

ಹಾಡಿನ ಉದ್ದವನ್ನೂ ನೋಡಿಕೋ. ನಮ್ಮ ಹಾಸನದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವಾಗ ಪಾತ್ರಕ್ಕೆ ದುಡ್ಡು ಕಟ್ಟಿದ ದುರ್ಯೋಧನ ಹಾಡು ಬಿಡುವುದೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಮುಗಿಸಿದರೂ ಆಲಾಪನೆ ನಡೆದಿರುತ್ತದೆ. ನನಗದು ಬಹಳ ಇಷ್ಟ. ಆದರೆ ಅಲ್ಲಿ ಕಥೆ ಎಲ್ಲರಿಗೂ ಗೊತ್ತು, ಎಷ್ಟು ಹೊತ್ತು ನಿಂತರೂ ನಡೆಯುತ್ತದೆ. ನಿನ್ನ ಕಥೆ ಹೊಸದು. ಹಾಡು ಮುಗಿಯುವಾಗ ಹುಡುಗಿ ಶುರುವಿನಲ್ಲಿ ನಿಂತ ಜಾಗದಲ್ಲೇ ಇದ್ದರೆ ಆ ಹಾಡು ತೆಗೆ. ಎರಡನೇ ಅಂಕದಲ್ಲಿ ಅಂಥವು ಜಾಸ್ತಿ ಇವೆ.

ಅಪ್ಪನಿಗೆ ಒಂದು ಹಾಡು ಕೊಡು. ಈಗ ಅವನಿಗೆ ಒಂದೂ ಇಲ್ಲ. ಅವನು ಯಾಕೆ ಹೆದರುತ್ತಾನೆ ಅಂತ ಅವನೇ ಹಾಡಲಿ, ಮಗಳು ಮರೆಯಲ್ಲಿ ನಿಂತು ಕೇಳಿಸಿಕೊಳ್ಳಲಿ. ಅದಾದ ಮೇಲೂ ಅವಳು ಹೊರಡುತ್ತಾಳಾ ಅಂತ ನೋಡಿ ನನಗೆ ಬರೆ. ಅಜ್ಜಿಯ ಸೋಬಾನೆ ಮಾತ್ರ ಮುಟ್ಟಬೇಡ.

ನಿನ್ನ
ಅಕ್ಕ