ಅಂದು ಆಕೆಗೆ ರಜೆ ಕೊಡಬೇಡ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಪುಟ್ಟಿಯ ಮೊದಲ ಹುಟ್ಟುಹಬ್ಬದ ಸಿದ್ಧತೆಗಳನ್ನು ವಿವರಿಸಿ ಬರೆದ ನಿನ್ನ ಪತ್ರ ತಲುಪಿತು. ಗುಳೇದಗುಡ್ಡದ ಖಣದಲ್ಲಿ ಅವಳ ಲಂಗ ಕುಪ್ಪಸವನ್ನು ನೀನೇ ಹೊಲಿಯುತ್ತಿರುವುದೂ, ಕಾರ್ತಿಕದಲ್ಲಿ ಹುಟ್ಟಿದ ಮಗುವೆಂದು ನಿಮ್ಮ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ಕಟ್ಟಿ ನಿಲ್ಲಿಸಬೇಕೆಂದಿರುವುದೂ ನನಗೆ ಬಹಳ ಹಿಡಿಸಿದವು. ಆ ಸಂತೋಷದಲ್ಲಿಯೇ ಪತ್ರವನ್ನು ಮಡಿಚಿಡಬಹುದಾಗಿತ್ತು. ಆದರೆ ಕೊನೆಯ ಹಾಳೆಯಲ್ಲಿ, ಬುಟ್ಟಿ ಬತ್ತಾಸುಗಳ ಲೆಕ್ಕದ ನಡುವೆ ನೀನು ಬರೆದ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತಿದೆ. "ಅಷ್ಟು ಜನರ ಮುಂದೆ, ನಾನು ಹೊಲಿದ ಬಟ್ಟೆಯನ್ನೇ ತೊಟ್ಟುಕೊಂಡು, ಪುಟ್ಟಿ ನನ್ನ ಬಳಿಗೆ ಬರದೆ, ಹಗಲೆಲ್ಲ ಅವಳನ್ನು ನೋಡಿಕೊಳ್ಳುವ ಅಕ್ಕನ ಕಡೆಗೆ ಕೈ ಚಾಚಿದರೆ ನಾನೇನು ಮಾಡಲಿ ದೊಡ್ಡಮ್ಮ? ಅದಕ್ಕೇ ಅಂದು ಅವರಿಗೆ ರಜೆ ಕೊಟ್ಟುಬಿಡೋಣವೆಂದಿದ್ದೇನೆ" ಎಂದು ಬರೆದಿದ್ದೀಯೆ. ದಿನವೂ ಫೋನಿನಲ್ಲಿ ಮಾತನಾಡುವ ನಾವು ಇದೊಂದನ್ನು ಮಾತಿನಲ್ಲಿ ಆಡಲಾರೆವು ಎಂಬುದು ನನಗೆ ಅರ್ಥವಾಗುತ್ತದೆ. ಆದುದರಿಂದಲೇ ನಾನೂ ಬರೆಯಲು ಕುಳಿತಿದ್ದೇನೆ.

ಅವಳು ಕೈ ಚಾಚಿಯಾಳು, ಮಗಳೇ. ನಿನ್ನ ಸಮಾಧಾನಕ್ಕಾಗಿ ಹಾಗಾಗದು ಎಂದು ನಾನು ಹೇಳಲಾರೆ. ಎಂಟೊಂಬತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಮಕ್ಕಳಿಗೆ ಹೊಸ ಮುಖಗಳ ಅಂಜಿಕೆ ಹೆಚ್ಚು. ಗದ್ದಲದ ನಡುವೆ ಹಗಲೆಲ್ಲ ತನ್ನನ್ನು ಎತ್ತಿಕೊಂಡಿರುವ ತೋಳು ಕಣ್ಣಿಗೆ ಬಿದ್ದರೆ ಮಗು ಅತ್ತ ವಾಲುತ್ತದೆ. ಅದನ್ನು ಕಂಡವರು ಏನೆಂದುಕೊಳ್ಳುತ್ತಾರೋ ಎಂದು ನೀನು ಹೆದರುತ್ತೀಯೆ. ಆದರೆ ನೀನು ಕಚೇರಿಯಿಂದ ಬಂದು ಚಪ್ಪಲಿ ಕಳಚುವ ಮೊದಲೇ ಪುಟ್ಟಿ ಅಳಲು ತೊಡಗುತ್ತಾಳೆಂದು ಹಿಂದೊಮ್ಮೆ ನೊಂದುಕೊಂಡಿದ್ದೆಯಲ್ಲ, ಅದನ್ನೂ ನೆನೆದುಕೋ. ಹಗಲೆಲ್ಲ ತಡೆದುಕೊಂಡ ಅಳುವನ್ನು ಮಕ್ಕಳು ಅಮ್ಮನಿಗಾಗಿಯೇ ಉಳಿಸಿಕೊಂಡಿರುತ್ತಾರೆ. ಒಂದು ಕೈ ಚಾಚಿದ್ದನ್ನು ಲೆಕ್ಕಕ್ಕೆ ಹಿಡಿಯುವ ನೀನು ಆ ಅಳುವನ್ನು ಏಕೆ ಲೆಕ್ಕದಿಂದ ಬಿಡುತ್ತೀಯೆ?

ನನ್ನ ಕಾಲದಲ್ಲಿ 1961ರ ಕಾಯ್ದೆಯಂತೆ ಹೆರಿಗೆ ರಜೆ ಒಟ್ಟು 12 ವಾರ. ಅದರಲ್ಲಿ ಅರ್ಧ ಹೆರಿಗೆಗೆ ಮುಂಚಿನದು. 2017ರ ತಿದ್ದುಪಡಿಯಾದ ಮೇಲೆ ನಿನ್ನಂಥವರಿಗೆ 26 ವಾರ ದೊರೆಯುವಂತಾಯಿತು, ಅದು ಬಹಳ ದೊಡ್ಡ ಉಪಕಾರ. ಆದರೂ ಮಲಗಿದ ಮಗುವನ್ನು ಇನ್ನೊಬ್ಬರ ಮಡಿಲಿಗಿಟ್ಟು ಹೊಸ್ತಿಲು ದಾಟುವ ಮೊದಲ ಬೆಳಗಿನ ಸಂಕಟ ಆ ಕಾಲಕ್ಕೂ ಈ ಕಾಲಕ್ಕೂ ಬೇರೆಯಲ್ಲ ಎಂದು ನಾನು ಬಲ್ಲೆ. ನಿನ್ನ ಅಣ್ಣನನ್ನು ನೋಡಿಕೊಂಡವರು ನಮ್ಮ ಗವಿಪುರದ ವಠಾರದ ಪಕ್ಕದ ಮನೆಯಾಕೆ. ಪರಿಷೆ ನಡೆಯುವುದು ಕಾರ್ತಿಕ ಮಾಸದ ಕಡೆಯ ಸೋಮವಾರ. ಸೋಮವಾರವೆಂದರೆ ನನಗೆ ಕಾರ್ಖಾನೆ. ಹೀಗಾಗಿ ದೊಡ್ಡ ಬಸವನ ಗುಡಿಯ ಮುಂದೆ ಕಡಲೆಕಾಯಿಯ ರಾಶಿಗಳನ್ನೂ ಗಿರಗಿಟ್ಲೆಗಳನ್ನೂ ಅವನು ಮೊದಲು ಕಂಡದ್ದು ಆಕೆಯ ಸೊಂಟದ ಮೇಲೆ ಕುಳಿತು. ನಾನು ಸಂಜೆ ಬಂದಾಗ ಅವನ ಮುಷ್ಟಿಯಲ್ಲಿ ಬತ್ತಾಸಿನ ಅಂಟು ಮಾತ್ರ ಉಳಿದಿತ್ತು.

ಅವನ ಮೊದಲ ಹುಟ್ಟುಹಬ್ಬಕ್ಕೆ ಆಕೆಯನ್ನು ಕರೆಯಲಿಲ್ಲ. ಯಾರನ್ನು ಕರೆಯಬೇಕೆಂಬುದನ್ನು ಆಗ ಹಿರಿಯರು ನಿರ್ಧರಿಸುತ್ತಿದ್ದರು; ಆ ದಿನಗಳ ವಿಷಯ ನಿನಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಬಂದು ಮಗುವನ್ನು ಎತ್ತಿಕೊಂಡರು. ಹಳೆಯ ಪಂಚೆಯ ಮೆತ್ತನೆಯ ಬಟ್ಟೆಯಲ್ಲಿ ಕೈಯಿಂದಲೇ ಹೊಲಿದ ಒಂದು ಪುಟ್ಟ ಅಂಗಿಯನ್ನು ನನ್ನ ಕೈಯಲ್ಲಿಟ್ಟು, ಏನೂ ಹೇಳದೆ ಹೋದರು. ಹಿಂದಿನ ದಿನ ತೊಡಿಸಿದ್ದ ಜರಿಯ ಅಂಗಿ ಕುತ್ತಿಗೆಗೆ ಚುಚ್ಚಿ, ಫೋಟೋಗಳಲ್ಲೆಲ್ಲ ಅವನ ಅಳುಮುಖವೇ ಇದೆ. ಆ ಪಂಚೆಯ ಅಂಗಿಯನ್ನಾದರೋ ತೋಳು ಬಿಗಿಯಾಗುವವರೆಗೂ ತೊಟ್ಟನು. ಕೆಲವು ವರ್ಷಗಳಲ್ಲಿ ಆಕೆಯ ಸಂಸಾರ ಬೆಂಗಳೂರನ್ನು ಬಿಟ್ಟು ಹೋಯಿತು, ವಿಳಾಸವೂ ಉಳಿಯಲಿಲ್ಲ. ಈ ವಯಸ್ಸಿನಲ್ಲಿ ನನಗೆ ತಿಳಿಯಬೇಕೆನಿಸುವ ಸಣ್ಣ ಸಣ್ಣ ಸಂಗತಿಗಳಿವೆ: ಮಧ್ಯಾಹ್ನ ಅವನು ಯಾವ ಹಾಡಿಗೆ ಮಲಗುತ್ತಿದ್ದ, ಮೊದಲು ಯಾವ ಗೋಡೆಯನ್ನು ಹಿಡಿದು ಎದ್ದು ನಿಂತ ಎಂದು. ಇವನ್ನು ಬಲ್ಲವರು ಆಕೆಯೊಬ್ಬರೇ. ಅಂದಿನ ಒಂದು ಫೋಟೋದಲ್ಲಿಯೂ ಆಕೆ ಇಲ್ಲ.

ಮೊದಲ ವರ್ಷವನ್ನು ಕಳೆದುಕೊಂಡೆನೆಂಬ ಭಾವನೆ ನಿನ್ನ ಪತ್ರದ ಉದ್ದಕ್ಕೂ ಇದೆ. ರಾತ್ರಿ ಹನ್ನೊಂದರ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂರುವುದೂ ಆ ವರ್ಷವನ್ನು ಹೇಗಾದರೂ ತುಂಬಿಕೊಡಬೇಕೆಂಬ ಹಟದಿಂದಲೇ ಎಂದು ನನಗೆ ತೋರುತ್ತದೆ. ನೀನು ಕಾಣದ ಹಗಲುಗಳು ಎಲ್ಲಿಯೂ ಹೋಗಿಲ್ಲ, ಆ ಅಕ್ಕನ ಬಳಿ ಇವೆ. ಆಕೆಯನ್ನು ಅಂದು ದೂರವಿಟ್ಟರೆ, ಆ ಹಗಲುಗಳನ್ನು ಕೇಳಿ ತಿಳಿಯುವ ದಾರಿಯನ್ನೂ ನೀನೇ ಮುಚ್ಚಿದಂತಾಗುತ್ತದೆ. ಸಂಜೆ ಆಕೆ ಹೊರಡುವ ಮುನ್ನ ಹತ್ತು ನಿಮಿಷ ಜೊತೆಯಲ್ಲಿ ಕುಳಿತು ಕೇಳು. ಕೇಳಿದ್ದನ್ನು ಬರೆದಿಡು ಎಂದೂ ಹೇಳಬೇಕೆನಿಸುತ್ತದೆ, ಆದರೆ ನಿನಗಿರುವ ಕೆಲಸಗಳ ನಡುವೆ ಅದೊಂದು ಹೊರೆಯಾಗುವುದಾದರೆ ಬೇಡ.

ಹೊಲಿಗೆಯ ವಿಷಯದಲ್ಲಿ ನನಗಿಂತ ನೀನೇ ಚೆನ್ನಾಗಿ ಬಲ್ಲೆ. ಆದರೂ ನಿನ್ನ ಅಣ್ಣನ ಕುತ್ತಿಗೆಯ ಆ ಕೆಂಪು ಗೀರುಗಳು ಕಣ್ಣ ಮುಂದಿರುವುದರಿಂದ ಒಂದೆರಡು ಮಾತು ಬರೆಯುತ್ತೇನೆ. ವರ್ಷದ ಮಗುವಿನ ತಲೆಯ ಸುತ್ತಳತೆಯೂ ಎದೆಯ ಸುತ್ತಳತೆಯೂ ಸುಮಾರು 45 ಸೆಂಟಿಮೀಟರಿನ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಆದುದರಿಂದ ಕುಪ್ಪಸವನ್ನು ಬೆನ್ನಿನ ಉದ್ದಕ್ಕೂ ತೆರೆಯುವಂತೆ ಹೊಲಿದರೆ, ತೊಡಿಸುವಾಗ ಅವಳ ಮುಖದ ಮೇಲೆ ಬಟ್ಟೆ ಎಳೆಯಬೇಕಾಗುವುದಿಲ್ಲ. ಒಗೆದು ಮೆತ್ತಗಾದ ಹತ್ತಿಬಟ್ಟೆಯ ಅಸ್ತರು ಕೊಡು. ಮಣಿಗಳನ್ನೂ ಕುತ್ತಿಗೆಗೆ ಕಟ್ಟುವ ದಾರಗಳನ್ನೂ ಬಿಟ್ಟುಬಿಡು. ನಾಲ್ಕು ದಿನ ಮೊದಲೇ ಮನೆಯಲ್ಲಿ ತೊಡಿಸಿ ರೂಢಿ ಮಾಡಿಸು.

ಪರಿಷೆಯ ಬಗ್ಗೆ ಒಂದು ಭಯ ನನಗೂ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಬುಟ್ಟಿಗಳನ್ನು ನೆಲದ ಮೇಲಿಡದೆ ಎತ್ತರದ ಮೇಜುಗಳ ಮೇಲಿಡಿಸು. ಒಡೆದ ಬಲೂನಿನ ಚೂರುಗಳನ್ನು ಆಗಾಗ ಆರಿಸಲು ಒಬ್ಬರನ್ನು ನೇಮಿಸು. ಅವಳು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ ಆರತಿ ಆಗಲಿ; ನೆಂಟರ ಅನುಕೂಲಕ್ಕೆಂದು ಏಳು ಗಂಟೆಯವರೆಗೆ ಕಾಯಬೇಡ. ಇಷ್ಟು ಹೇಳಿದ್ದೇ ಹೆಚ್ಚಾಯಿತೇನೋ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಸರಿಸಬೇಡ. ಅವಳು ಅಕ್ಕನ ಕಡೆಗೆ ಕೈ ಚಾಚಿದರೆ ಕೊಡು. ನಿನ್ನ ಕೈಯಿಂದಲೇ, ಎಲ್ಲರೂ ನೋಡುತ್ತಿರುವಾಗಲೇ ಕೊಟ್ಟು, ಪಕ್ಕದಲ್ಲಿಯೇ ನಿಂತುಕೋ. ಗಳಿಗೆ ಕಳೆಯುವುದರೊಳಗೆ ಅವಳು ನಿನ್ನ ಕಡೆಗೂ ವಾಲುತ್ತಾಳೆ. ವಾಲದಿದ್ದರೆ ಅಂದು ರಾತ್ರಿ, ಜನರೆಲ್ಲ ಹೋದ ಮೇಲೆ, ಆ ಕುಪ್ಪಸವನ್ನು ಬಿಚ್ಚಿ ಅವಳನ್ನು ಮಲಗಿಸುವವಳು ನೀನೇ ತಾನೆ?

ಖಣದ ಬಟ್ಟೆ ಉಳಿದಿದ್ದರೆ ಆಕೆಗೂ ಒಂದು ರವಿಕೆಯಾಗಬಹುದು. ಸಾಲದಿದ್ದರೆ ನಾನು ಚಿಕ್ಕಪೇಟೆಯಿಂದ ಅದೇ ಬಣ್ಣದ್ದನ್ನು ಹುಡುಕಿ ತರುತ್ತೇನೆ, ಅಳತೆಯ ರವಿಕೆಯನ್ನು ಮಾತ್ರ ಕೇಳಿ ಇಟ್ಟುಕೊಂಡಿರು. ಹಿಂದಿನ ದಿನ ಬೆಳಿಗ್ಗೆಯೇ ನಾನು ಬರುತ್ತೇನೆ. ಗುಂಡಿ ಹಚ್ಚುವ ಕೆಲಸವನ್ನು ನನಗೆ ಬಿಡು. ರಜೆಯ ವಿಷಯವನ್ನು ಆಕೆಗೆ ಈಗಾಗಲೇ ಹೇಳಿದ್ದರೆ, ನಾಳೆ ಬೆಳಿಗ್ಗೆ ಆಕೆ ಬಂದೊಡನೆ ಅರಿಶಿನ ಕುಂಕುಮವಿಟ್ಟು ಹಬ್ಬಕ್ಕೆ ಕರೆ. ಆಕೆಯ ಮನೆಯವರನ್ನೂ ಕರೆ.

ಇತಿ,
ನಿನ್ನ ದೊಡ್ಡಮ್ಮ